ಎಲ್ಲ ಕಡೆ ‘ಆರ್’ ಬಂದ ರಿಪೋರ್ಟಿಗೆ ಇನ್ನೊಂದು ಟೆಸ್ಟ್: ನಾಲ್ಕು ಟ್ಯೂಬ್, ಎರಡು ಬಗೆಯ ಡಿಸ್ಕ್

ಐಸಿಯು ರೋಗಿಯ ರಕ್ತದ ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆದಿದೆ. ಸೆನ್ಸಿಟಿವಿಟಿ ಪ್ಲೇಟ್ ನೋಡಿದರೆ ಡಿಸ್ಕ್‌ಗಳ (ಔಷಧ ಹೀರಿದ ಕಾಗದದ ಬಿಲ್ಲೆಗಳ) ಸುತ್ತ ಖಾಲಿ ಜಾಗವೇ ಇಲ್ಲ. ಸೆಫ್ಟ್ರಿಯಾಕ್ಸೋನ್ ಆರ್ (ರೆಸಿಸ್ಟೆಂಟ್, ಅಂದರೆ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗುವುದಿಲ್ಲ), ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಆರ್, ಅಮಿಕಾಸಿನ್ ಆರ್, ಮೆರೊಪೆನೆಮ್ ಕೂಡ ಆರ್. ವಾರ್ಡಿನಿಂದ ಫೋನ್ ಬರುತ್ತದೆ: ‘ಏನಾದ್ರೂ ಕೆಲಸ ಮಾಡುತ್ತಾ?’ ಬಹಳ ಕಡೆ ಇದಕ್ಕೆ ಬರುವ ಉತ್ತರ ಒಂದೇ, ಕೊಲಿಸ್ಟಿನ್. ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಔಷಧ. ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆ ಅನ್ನೋದೂ ಖಾತ್ರಿ ಇಲ್ಲ.

ಆ ಉತ್ತರ ಕೊಡುವ ಮೊದಲು ಅದೇ ಸಂಜೆ ಇನ್ನೊಂದು ಟೆಸ್ಟ್ ಹಾಕಬಹುದು. ದುಬಾರಿ ಯಂತ್ರ ಬೇಡ, ಪಿಸಿಆರ್ ಬೇಡ. ನಾಲ್ಕು ಟ್ಯೂಬ್, ಸ್ವಲ್ಪ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ), ಎರಡು ಬಗೆಯ ಡಿಸ್ಕ್ ಸಾಕು. ಒಂದೊಂದಾಗಿ ಸೋತ ಎರಡು ಔಷಧಗಳನ್ನು ಜೊತೆಯಲ್ಲಿ ಕೊಟ್ಟರೆ ಈ ಬ್ಯಾಕ್ಟೀರಿಯಾ ಸಾಯುತ್ತದೆಯೇ ಎಂದು ಮಾರನೇ ದಿನ ಹೇಳಬಹುದು. ಆ ಔಷಧಗಳು ಅಜ್ಟ್ರಿಯೊನಾಮ್ ಮತ್ತು ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್. ಟೆಸ್ಟ್‌ನ ಹೆಸರು ಬ್ರಾತ್ ಡಿಸ್ಕ್ ಎಲ್ಯೂಷನ್. ಲ್ಯಾಬ್ ಟೆಸ್ಟ್‌ಗಳ ಮಾನದಂಡ ರೂಪಿಸುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆ ತನ್ನ ಎಂ100 ದಾಖಲೆಯ 2024ರ ಆವೃತ್ತಿಯಲ್ಲಿ ಇದನ್ನು ಸೇರಿಸಿದೆ.

ಜಿಲ್ಲಾಸ್ಪತ್ರೆ, ತಾಲ್ಲೂಕು ಮಟ್ಟದ ಖಾಸಗಿ ಲ್ಯಾಬ್, ವೈದ್ಯಕೀಯ ಕಾಲೇಜಿನ ಮೈಕ್ರೊಬಯಾಲಜಿ ವಿಭಾಗದಲ್ಲಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಎಂಎಸ್ಸಿ ವಿದ್ಯಾರ್ಥಿಗಳಿಗೂ ಉಪಯೋಗಕ್ಕೆ ಬರಬೇಕು. ರೋಗಿಯ ಮನೆಯವರು ಓದುತ್ತಿದ್ದರೆ ನಿಮಗೂ ಕೊನೆಯ ಭಾಗದಲ್ಲಿ ಒಂದು ಪ್ಯಾರಾ ಇದೆ.

ಎರಡು ಸೋತ ಔಷಧ ಸೇರಿ ಗೆಲ್ಲುವುದು ಹೇಗೆ?

ಇದು ಅರ್ಥವಾಗದೆ ಟೆಸ್ಟ್ ಹಾಕಿದರೆ ಫಲಿತಾಂಶ ಓದುವಾಗ ಖಂಡಿತ ಗೊಂದಲ ಆಗುತ್ತದೆ. ಹಾಗಾಗಿ ಮೊದಲು ಇಷ್ಟು.

ಪೆನಿಸಿಲಿನ್, ಸೆಫಲೊಸ್ಪೊರಿನ್, ಮೆರೊಪೆನೆಮ್ ಎಲ್ಲವೂ ಬೀಟಾ-ಲ್ಯಾಕ್ಟಮ್ ಗುಂಪಿನವು. ಇವುಗಳ ಶಕ್ತಿ ಇರುವುದು ನಾಲ್ಕು ಪರಮಾಣುಗಳ ಒಂದು ಪುಟ್ಟ ಉಂಗುರದಲ್ಲಿ. ಆ ಉಂಗುರ ಒಡೆದರೆ ಔಷಧ ವ್ಯರ್ಥ. ನಿರೋಧ ಬೆಳೆಸಿಕೊಂಡ ಬ್ಯಾಕ್ಟೀರಿಯಾ ಅದನ್ನು ಒಡೆಯುವ ಎಂಜೈಮ್‌ಗಳನ್ನು ತಯಾರಿಸುತ್ತವೆ. ಅವುಗಳಲ್ಲಿ ಎರಡು ಜಾತಿ. ಒಂದು, ಸೆರಿನ್ ಎಂಬ ಅಮೈನೊ ಆಮ್ಲದ ಬಲದಿಂದ ಕತ್ತರಿಸುವವು: ಇಎಸ್‌ಬಿಎಲ್, ಆಂಪ್‌ಸಿ, ಕೆಪಿಸಿ, ಆಕ್ಸಾ-48. ಇನ್ನೊಂದು, ಸತುವಿನ ಬಲದಿಂದ ಕತ್ತರಿಸುವವು. ಇವಕ್ಕೆ ಮೆಟಾಲೊ-ಬೀಟಾ-ಲ್ಯಾಕ್ಟಮೇಸ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಜಾಸ್ತಿ ತೊಂದರೆ ಕೊಡುತ್ತಿರುವ ಎನ್‌ಡಿಎಂ ಇದೇ ಜಾತಿಯದು. 2008ರಲ್ಲಿ ಸ್ವೀಡನ್ನಿನಲ್ಲಿ, ಭಾರತಕ್ಕೆ ಬಂದು ಇಲ್ಲಿ ಆಸ್ಪತ್ರೆಯಲ್ಲಿದ್ದು ಹೋಗಿದ್ದ ರೋಗಿಯೊಬ್ಬರ ಕ್ಲೆಬ್ಸಿಯೆಲ್ಲಾದಲ್ಲಿ ಇದು ಮೊದಲು ಗುರುತಿಗೆ ಸಿಕ್ಕಿತು.

ಎನ್‌ಡಿಎಂ ಬಹುತೇಕ ಎಲ್ಲ ಬೀಟಾ-ಲ್ಯಾಕ್ಟಮ್‌ಗಳನ್ನೂ ಒಡೆಯುತ್ತದೆ. ಅದಕ್ಕೆ ಒಡೆಯಲಾಗದ ಒಂದು ಔಷಧ ಇದೆ, ಅದೇ ಅಜ್ಟ್ರಿಯೊನಾಮ್. ಅಮೆರಿಕದಲ್ಲಿ 1986ರಿಂದ ಬಳಕೆಯಲ್ಲಿರುವ ಹಳೇ ಔಷಧ ಇದು. ಹಾಗಾದರೆ ಅದನ್ನೇ ಕೊಟ್ಟುಬಿಡಬಹುದು ಅಲ್ವಾ? ಆಗುವುದಿಲ್ಲ. ಎನ್‌ಡಿಎಂ ಇರುವ ಬ್ಯಾಕ್ಟೀರಿಯಾ ಒಂದೇ ಎಂಜೈಮ್ ಇಟ್ಟುಕೊಂಡು ಕೂತಿರುವುದು ಅಪರೂಪ. ಜೊತೆಯಲ್ಲಿ ಇಎಸ್‌ಬಿಎಲ್ ಅಥವಾ ಆಂಪ್‌ಸಿ ಇದ್ದೇ ಇರುತ್ತದೆ. ಅಜ್ಟ್ರಿಯೊನಾಮ್ ಅನ್ನು ಅವು ಒಡೆಯುತ್ತವೆ.

ಇನ್ನೊಂದು ಕಡೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ನೋಡಿ. ಇದರಲ್ಲಿ ಕೊಲ್ಲುವ ಔಷಧ ಸೆಫ್ಟಾಜಿಡಿಮ್. ಅವಿಬ್ಯಾಕ್ಟಮ್‌ನ ಕೆಲಸ ಸೆರಿನ್ ಜಾತಿಯ ಎಂಜೈಮ್‌ಗಳ ಬಾಯಿ ಕಟ್ಟುವುದು. ಎನ್‌ಡಿಎಂ ಮೇಲೆ ಅದರ ಆಟ ನಡೆಯುವುದಿಲ್ಲ. ಹಾಗಾಗಿ ಸೆಫ್ಟಾಜಿಡಿಮ್ ಅನ್ನು ಎನ್‌ಡಿಎಂ ಒಡೆದುಹಾಕುತ್ತದೆ, ರಿಪೋರ್ಟಿನಲ್ಲಿ ಇದೂ ಆರ್ ಬರುತ್ತದೆ.

ಈಗ ಎರಡನ್ನೂ ಒಟ್ಟಿಗೆ ಹಾಕಿ. ಅವಿಬ್ಯಾಕ್ಟಮ್ ಇಎಸ್‌ಬಿಎಲ್, ಆಂಪ್‌ಸಿಗಳನ್ನು ತಡೆಯುತ್ತದೆ. ಅಜ್ಟ್ರಿಯೊನಾಮ್ ಅನ್ನು ಎನ್‌ಡಿಎಂ ಮುಟ್ಟಲಾರದು. ಅಜ್ಟ್ರಿಯೊನಾಮ್ ಇಡಿಯಾಗಿ ಉಳಿದು ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸವನ್ನು ನಿಲ್ಲಿಸುತ್ತದೆ. ಇಲ್ಲಿ ಸೆಫ್ಟಾಜಿಡಿಮ್ ಸುಮ್ನೆ ಜೊತೆಗೆ ಬರುತ್ತದೆ ಅಷ್ಟೆ. ಅವಿಬ್ಯಾಕ್ಟಮ್ ಒಂದೇ ಬೇಕು ಅಂದರೆ ಅದು ಬೇರೆಯಾಗಿ ಸಿಗುವುದಿಲ್ಲ. ಅಜ್ಟ್ರಿಯೊನಾಮ್ ಮತ್ತು ಅವಿಬ್ಯಾಕ್ಟಮ್ ಒಂದೇ ಬಾಟಲಿಯಲ್ಲಿರುವ ಔಷಧಕ್ಕೆ ಯುರೋಪಿನಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಕೈಗೆ ಸಿಗದ ಕಡೆ ಈ ಎರಡು ಬಾಟಲಿಗಳ ಜೋಡಿಯೇ ದಾರಿ.

ರೋಗಿಗಳಲ್ಲಿ ಇದು ಫಲ ಕೊಟ್ಟಿದೆಯೇ? ಇಟಲಿ ಮತ್ತು ಗ್ರೀಸ್‌ನ ಆಸ್ಪತ್ರೆಗಳಲ್ಲಿ, ರಕ್ತದಲ್ಲಿ ಇಂಥ ಸೋಂಕಿದ್ದ 102 ಜನರನ್ನು ಗಮನಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಹೆಚ್ಚಿನವರಲ್ಲಿ ಇದ್ದದ್ದು ಎನ್‌ಡಿಎಂ. ಈ ಜೋಡಿ ಪಡೆದ 52 ಜನರಲ್ಲಿ 30 ದಿನದೊಳಗೆ 10 ಮಂದಿ ತೀರಿಕೊಂಡರು. ಬೇರೆ ಔಷಧ ಪಡೆದ 50 ಜನರಲ್ಲಿ 22 ಮಂದಿ. ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗ ಅಲ್ಲ ಇದು, ಆ ಮಿತಿ ನೆನಪಿರಲಿ. ಆದರೂ ಅಂತರ ಸಣ್ಣದಲ್ಲ.

ಯಾವ ಬ್ಯಾಕ್ಟೀರಿಯಾಕ್ಕೆ ಈ ಟೆಸ್ಟ್?

ಎಲ್ಲದಕ್ಕೂ ಅಲ್ಲ. ಎಂಟರೊಬ್ಯಾಕ್ಟರೇಲ್ಸ್ ಗುಂಪು, ಅಂದರೆ ಇ. ಕೋಲಿ, ಕ್ಲೆಬ್ಸಿಯೆಲ್ಲಾ, ಎಂಟರೊಬ್ಯಾಕ್ಟರ್ ಮುಂತಾದವು, ಮತ್ತು ಸ್ಟೆನೊಟ್ರೊಫೊಮೊನಾಸ್ ಮಾಲ್ಟೊಫಿಲಿಯಾ. ಸಿಎಲ್‌ಎಸ್‌ಐ ಒಪ್ಪಿರುವುದು ಇಷ್ಟಕ್ಕೇ. ಸೂಡೊಮೊನಾಸ್‌ಗೆ, ಅಸಿನೆಟೊಬ್ಯಾಕ್ಟರ್‌ಗೆ ಹಾಕಿ ‘ಎಸ್’ (ಸಸೆಪ್ಟಿಬಲ್, ಅಂದರೆ ಔಷಧಕ್ಕೆ ಬಗ್ಗುತ್ತದೆ) ಅಂತ ಬರೆದು ಕಳಿಸಬೇಡಿ. ಅವುಗಳ ನಿರೋಧದ ದಾರಿಗಳೇ ಬೇರೆ.

ಎರಡನೆಯದು, ಬ್ಯಾಕ್ಟೀರಿಯಾ ಮೆರೊಪೆನೆಮ್‌ಗೆ ಬಗ್ಗದೆ ಇರಬೇಕು, ಅದಕ್ಕೆ ಕಾರಣ ಮೆಟಾಲೊ ಎಂಜೈಮ್ ಆಗಿರಬೇಕು. ಕೆಪಿಸಿ ಮಾತ್ರ ಅಥವಾ ಆಕ್ಸಾ-48 ಮಾತ್ರ ಇದ್ದರೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಒಂದೇ ಸಾಕಾಗಬಹುದು. ಎರಡೂ ಕೊಡುವುದು ದಂಡ.

ಎಂಜೈಮ್ ಯಾವ ಜಾತಿಯದು ಎಂದು ತಿಳಿಯಲು ಕೈಗೆಟುಕುವ ಟೆಸ್ಟ್ ಎಂದರೆ ಎಂಸಿಐಎಂ ಮತ್ತು ಇಸಿಐಎಂ. ಎರಡು ಟ್ಯೂಬ್‌ಗಳಲ್ಲಿ 2 ಮಿ.ಲೀ. ಟ್ರಿಪ್ಟಿಕೇಸ್ ಸೋಯ್ ಬ್ರಾತ್ ತೆಗೆದುಕೊಳ್ಳಿ. ಒಂದಕ್ಕೆ ಮಾತ್ರ 0.5 ಮೋಲಾರ್ ಇಡಿಟಿಎ 20 ಮೈಕ್ರೊಲೀಟರ್ ಹಾಕಿ. ಎರಡಕ್ಕೂ 1 ಮೈಕ್ರೊಲೀಟರ್ ಲೂಪಿನ ತುಂಬ ಬ್ಯಾಕ್ಟೀರಿಯಾ ಕಲಸಿ, 10 ಮೈಕ್ರೊಗ್ರಾಂನ ಒಂದೊಂದು ಮೆರೊಪೆನೆಮ್ ಡಿಸ್ಕ್ ಮುಳುಗಿಸಿ. ನಾಲ್ಕು ಗಂಟೆ ಇನ್‌ಕ್ಯುಬೇಟರ್‌ನಲ್ಲಿಟ್ಟು, ಆಮೇಲೆ ಆ ಡಿಸ್ಕ್‌ಗಳನ್ನು ಎಟಿಸಿಸಿ 25922 ಇ. ಕೋಲಿ (ಔಷಧಕ್ಕೆ ಬಗ್ಗುವ ಪ್ರಮಾಣಿತ ಸ್ಟ್ರೇನ್) ಹರಡಿದ ಮುಲ್ಲರ್-ಹಿಂಟನ್ ಪ್ಲೇಟಿನ ಮೇಲೆ ಇಡಿ. ಮಾರನೇ ದಿನ ಇಡಿಟಿಎ ಇಲ್ಲದ ಡಿಸ್ಕಿನ ವಲಯ (ಸುತ್ತಲಿನ ಖಾಲಿ ಜಾಗ) 6ರಿಂದ 15 ಮಿ.ಮೀ. ಇದ್ದರೆ ಕಾರ್ಬಪೆನಮೇಸ್, ಅಂದರೆ ಮೆರೊಪೆನೆಮ್ ಒಡೆಯುವ ಎಂಜೈಮ್, ಇದೆ. ಇಡಿಟಿಎ ಇರುವ ಡಿಸ್ಕಿನ ವಲಯ ಅದಕ್ಕಿಂತ 5 ಮಿ.ಮೀ. ಅಥವಾ ಹೆಚ್ಚು ದೊಡ್ಡದಿದ್ದರೆ ಅದು ಮೆಟಾಲೊ, ಯಾಕೆಂದರೆ ಇಡಿಟಿಎ ಸತುವನ್ನು ಕಿತ್ತುಕೊಂಡು ಎಂಜೈಮನ್ನು ನಿಷ್ಕ್ರಿಯಗೊಳಿಸಿದೆ.

ಒಂದು ಎಚ್ಚರಿಕೆ. ನಮ್ಮಲ್ಲಿ ಎನ್‌ಡಿಎಂ ಮತ್ತು ಆಕ್ಸಾ-48 ಬಗೆಯದು, ಎರಡನ್ನೂ ಹೊತ್ತ ಕ್ಲೆಬ್ಸಿಯೆಲ್ಲಾ ಕಡಿಮೆಯೇನಿಲ್ಲ. ಆಗ ಇಡಿಟಿಎ ಎನ್‌ಡಿಎಂನ ಬಾಯಿ ಮುಚ್ಚಿದರೂ ಆಕ್ಸಾ ತನ್ನ ಕೆಲಸ ಮುಂದುವರಿಸುತ್ತದೆ. ವಲಯ ದೊಡ್ಡದಾಗುವುದಿಲ್ಲ, ಎನ್‌ಡಿಎಂ ಇಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಕಾಲು ಗಂಟೆಯಲ್ಲಿ ಗೆರೆ ತೋರಿಸುವ ಲ್ಯಾಟರಲ್ ಫ್ಲೋ ಕಿಟ್ ಕೊಳ್ಳಲು ಬಜೆಟ್ ಇದ್ದರೆ ಅದನ್ನೇ ಬಳಸಿ. ಅದು ಎನ್‌ಡಿಎಂ, ಆಕ್ಸಾ-48, ಕೆಪಿಸಿಗಳನ್ನು ಬೇರೆ ಬೇರೆಯಾಗಿ ಹೇಳುತ್ತದೆ.

ಕಿಟ್ ಇಲ್ಲದಿದ್ದರೆ ಏನು ಮಾಡುವುದು? ನನ್ನ ಅಭಿಪ್ರಾಯ ಹೇಳುತ್ತೇನೆ. ರಕ್ತದ ಕಲ್ಚರ್ ಆಗಿದ್ದರೆ ಇಸಿಐಎಂ ಫಲಿತಾಂಶಕ್ಕೆ ಕಾಯಬೇಡಿ. ಎರಡೂ ಟೆಸ್ಟ್ ಒಂದೇ ಸಂಜೆ ಹಾಕಿ. ಕಾದರೆ ಒಂದು ದಿನ ಹೋಗುತ್ತದೆ, ಸೆಪ್ಸಿಸ್ ಆದ ರೋಗಿಗೆ ಒಂದು ದಿನ ಬಹಳ ದೊಡ್ಡದು. ಮೂತ್ರದ ಕಲ್ಚರ್ ಆಗಿದ್ದರೆ ಮೊದಲು ವಾರ್ಡಿಗೆ ಫೋನ್ ಮಾಡಿ, ರೋಗಿಗೆ ಜ್ವರ, ಉರಿ, ನೋವು ಇದೆಯಾ ಕೇಳಿ. ಕ್ಯಾಥೆಟರ್ ಇರುವವರ ಮೂತ್ರದಲ್ಲಿ ಲಕ್ಷಣವಿಲ್ಲದೆ ಬ್ಯಾಕ್ಟೀರಿಯಾ ಬೆಳೆಯುವುದು ಮಾಮೂಲಿ. ಅದಕ್ಕೆ ಸಾಮಾನ್ಯವಾಗಿ ಔಷಧವೇ ಬೇಕಿಲ್ಲ.

ಡಿಸ್ಕ್ ಡಬ್ಬಿಯ ಮೇಲಿನ ಸಂಖ್ಯೆ ಓದಿ

ಈ ಟೆಸ್ಟ್‌ನಲ್ಲಿ ಸುಲಭವಾಗಿ ಆಗುವ ಮತ್ತು ಯಾರ ಕಣ್ಣಿಗೂ ಬೀಳದೆ ಹೋಗುವ ತಪ್ಪು ಇಲ್ಲಿದೆ. ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಡಿಸ್ಕ್ ಎರಡು ಬಗೆಯಲ್ಲಿ ಬರುತ್ತದೆ. ಸಿಎಲ್‌ಎಸ್‌ಐ ಲೆಕ್ಕದ್ದು 30/20 ಮೈಕ್ರೊಗ್ರಾಂ. ಯುರೋಪಿನ ಯುಕಾಸ್ಟ್ ಲೆಕ್ಕದ್ದು 10/4 ಮೈಕ್ರೊಗ್ರಾಂ. ನೋಡಲು ಎರಡೂ ಒಂದೇ ಥರದ ಬಿಳಿ ಬಿಲ್ಲೆ. ನಮಗೆ ಬೇಕಾದದ್ದು 30/20.

ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಡಿಸ್ಕಿನಲ್ಲಿರುವ ಔಷಧ ಪೂರ್ತಿ 2 ಮಿ.ಲೀ. ಬ್ರಾತ್‌ಗೆ ಇಳಿಯಬೇಕು. 30 ಮೈಕ್ರೊಗ್ರಾಂ ಇಳಿದರೆ ಪ್ರತಿ ಮಿ.ಲೀ.ಗೆ 15. ಅವಿಬ್ಯಾಕ್ಟಮ್ 20 ಇಳಿದರೆ ಪ್ರತಿ ಮಿ.ಲೀ.ಗೆ 10. ಅದೇ 10/4ರ ಡಿಸ್ಕ್ ಹಾಕಿದರೆ ಅವಿಬ್ಯಾಕ್ಟಮ್ ಪ್ರತಿ ಮಿ.ಲೀ.ಗೆ ಬರೀ 2 ಆಗುತ್ತದೆ. ಇಎಸ್‌ಬಿಎಲ್ ಪೂರ್ತಿ ಅಡಗದೆ ಬ್ಯಾಕ್ಟೀರಿಯಾ ಬೆಳೆದುಬಿಡಬಹುದು. ಕೆಲಸ ಮಾಡುವ ಔಷಧವನ್ನು ಕೆಲಸ ಮಾಡುವುದಿಲ್ಲ ಎಂದು ಬರೆದಂತಾಗುತ್ತದೆ. ಅಜ್ಟ್ರಿಯೊನಾಮ್ ಡಿಸ್ಕ್‌ನಲ್ಲಿ ಈ ಗೊಂದಲ ಇಲ್ಲ, 30 ಮೈಕ್ರೊಗ್ರಾಂನದೇ ಬಳಸಿ.

ಇದೇ ಲೆಕ್ಕದಿಂದ ಇನ್ನೊಂದು ಮಾತೂ ಹೊರಡುತ್ತದೆ: ಬ್ರಾತ್ ಅಳತೆ ಕರಾರುವಾಕ್ಕಾಗಿ 2 ಮಿ.ಲೀ. ಇರಬೇಕು. ಟ್ಯೂಬಿಗೆ ಬಗ್ಗಿಸಿ ಅಂದಾಜಿನಲ್ಲಿ ಸುರಿಯಬೇಡಿ, ಪಿಪೆಟ್‌ನಲ್ಲಿ ಹಾಕಿ. ಆಟೋಕ್ಲೇವ್‌ನಲ್ಲಿ ಬ್ರಾತ್ ಆವಿಯಾಗಿ ಕಡಿಮೆ ಆಗುವುದುಂಟು. ಹಾಗಾಗಿ ಮೊದಲು ಬ್ರಾತ್ ಸ್ಟೆರೈಲ್ ಮಾಡಿ, ಆಮೇಲೆ ಸ್ಟೆರೈಲ್ ಟ್ಯೂಬ್‌ಗಳಿಗೆ ಅಳೆದು ಹಂಚುವುದು ಒಳ್ಳೆಯದು.

ಬ್ರಾತ್ ಅಂದರೆ ಕ್ಯಾಟಯಾನ್ ಹೊಂದಿಸಿದ ಮುಲ್ಲರ್-ಹಿಂಟನ್ ಬ್ರಾತ್. ಸಾದಾ ನ್ಯೂಟ್ರಿಯೆಂಟ್ ಬ್ರಾತ್ ನಡೆಯುವುದಿಲ್ಲ.

ಡಿಸ್ಕ್ ಡಬ್ಬಿಯನ್ನು ಫ್ರಿಜ್‌ನಿಂದ ತೆಗೆದ ತಕ್ಷಣ ತೆರೆಯಬೇಡಿ. ತಣ್ಣಗಿನ ಡಿಸ್ಕ್ ಮೇಲೆ ಗಾಳಿಯ ತೇವ ಕೂರುತ್ತದೆ, ಬೀಟಾ-ಲ್ಯಾಕ್ಟಮ್‌ಗಳಿಗೆ ತೇವ ಅಂದರೆ ಆಗದು. ಮಂಗಳೂರು, ಕಾರವಾರದ ಮಳೆಗಾಲದಲ್ಲಂತೂ ಇದು ಮುಖ್ಯ. ಡಬ್ಬಿ ಕೋಣೆಯ ಬಿಸಿಗೆ ಬರಲಿ, ಆಮೇಲೆ ಮುಚ್ಚಳ ತೆಗೆಯಿರಿ.

ಟೆಸ್ಟ್ ಹಾಕುವುದು

ಬಯೋಸೇಫ್ಟಿ ಕ್ಯಾಬಿನೆಟ್ ಒಳಗೆ ಕೆಲಸ ಮಾಡಿ. ನಾಲ್ಕು ಟ್ಯೂಬಿಗೆ ನಂಬರ್ ಬರೆಯಿರಿ. ಮುಚ್ಚಳದ ಮೇಲಲ್ಲ, ಟ್ಯೂಬಿನ ಮೈ ಮೇಲೆ. ಮುಚ್ಚಳಗಳು ಅದಲುಬದಲಾಗುತ್ತವೆ.

ಒಂದನೇ ಟ್ಯೂಬಿಗೆ ಡಿಸ್ಕ್ ಬೇಡ, ಅದು ಬೆಳವಣಿಗೆಯ ಕಂಟ್ರೋಲ್. ಎರಡನೆಯದಕ್ಕೆ ಅಜ್ಟ್ರಿಯೊನಾಮ್ ಡಿಸ್ಕ್ ಒಂದು. ಮೂರನೆಯದಕ್ಕೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಡಿಸ್ಕ್ ಒಂದು. ನಾಲ್ಕನೆಯದಕ್ಕೆ ಎರಡೂ. ಒಂದು ಡಿಸ್ಕ್‌ಗೆ ಇನ್ನೊಂದು ಅಂಟಿಕೊಂಡು ಬರುವುದುಂಟು. ಹಾಗಾಗಿ ಚಿಮಟದಲ್ಲಿ ಹಿಡಿದಾಗ ಒಂದೇ ಇದೆಯಾ ನೋಡಿ ಹಾಕಿ. ಗಾಜಿನ ಗೋಡೆಗೆ ಅಂಟಿ ಮೇಲೆಯೇ ಉಳಿದರೆ ಟ್ಯೂಬನ್ನು ಮೆಲ್ಲಗೆ ತಟ್ಟಿ ಕೆಳಗಿಳಿಸಿ. ಡಿಸ್ಕ್ ಬ್ರಾತ್‌ನಲ್ಲಿ ಮುಳುಗಲೇಬೇಕು.

ಈಗ ಕೋಣೆಯ ಬಿಸಿಯಲ್ಲಿ 30 ನಿಮಿಷ ಬಿಡಿ. ಔಷಧ ಡಿಸ್ಕಿನಿಂದ ಬ್ರಾತ್‌ಗೆ ಇಳಿಯಲು ಇಷ್ಟು ಸಮಯ ಬೇಕು. ಆದರೆ 60 ನಿಮಿಷ ಮೀರಬಾರದು. ಟ್ಯೂಬ್ ಇಟ್ಟು ಊಟಕ್ಕೆ ಹೋಗಬೇಡಿ, ಟೈಮರ್ ಇಡಿ.

ಆ ಸಮಯದಲ್ಲಿ ಇನಾಕ್ಯುಲಮ್ (ಟ್ಯೂಬಿಗೆ ಹಾಕುವ ಬ್ಯಾಕ್ಟೀರಿಯಾ ಕಲಸಿದ ದ್ರವ) ತಯಾರಿಸಿ. ರಾತ್ರಿಯಿಡೀ ಬೆಳೆದ ತಾಜಾ ಪ್ಲೇಟಿನಿಂದ ಒಂದೇ ಬಗೆಯ ಕೆಲವು ಕಾಲೊನಿ ತೆಗೆದು ಸಲೈನ್‌ನಲ್ಲಿ ಕಲಸಿ, ಮಬ್ಬಿನ ಅಳತೆಯಾದ ಮ್ಯಾಕ್‌ಫಾರ್ಲೆಂಡ್‌ನಲ್ಲಿ 0.5ಕ್ಕೆ ಹೊಂದಿಸಿ. ಇದು ಮಿ.ಲೀ.ಗೆ ಸುಮಾರು 15 ಕೋಟಿ ಬ್ಯಾಕ್ಟೀರಿಯಾ. ಇದರಲ್ಲಿ 10 ಮೈಕ್ರೊಲೀಟರ್ ಪ್ರತಿ ಟ್ಯೂಬಿಗೆ ಹಾಕಿ. 2 ಮಿ.ಲೀ.ಗೆ 10 ಮೈಕ್ರೊಲೀಟರ್ ಅಂದರೆ 200 ಪಟ್ಟು ತೆಳುವಾಗುತ್ತದೆ, ಕೊನೆಗೆ ಮಿ.ಲೀ.ಗೆ ಸುಮಾರು 7.5 ಲಕ್ಷ ಇರುತ್ತದೆ. ಡೆನ್ಸಿಟೊಮೀಟರ್ ಇದ್ದರೆ ಅದರಲ್ಲೇ ಅಳೆಯಿರಿ. ಕಣ್ಣಂದಾಜಿನಲ್ಲಿ ದಪ್ಪ ಇನಾಕ್ಯುಲಮ್ ಹಾಕಿದರೆ ಎಂಜೈಮ್ ಜಾಸ್ತಿಯಾಗಿ, ತಿಳಿಯಾಗಿರಬೇಕಾದ ಟ್ಯೂಬ್ ಮಬ್ಬಾಗಬಹುದು. ತೆಳುವಾದರೆ ಇನ್ನೂ ಅಪಾಯ, ಬಗ್ಗದ ಬ್ಯಾಕ್ಟೀರಿಯಾ ಬಗ್ಗಿದಂತೆ ಕಾಣುತ್ತದೆ.

ಸಲೈನ್‌ನಲ್ಲಿ ಕಲಸಿದ್ದನ್ನು ತುಂಬಾ ಹೊತ್ತು ಇಟ್ಟುಕೊಳ್ಳಬೇಡಿ, ಕಾಲು ಗಂಟೆಯೊಳಗೆ ಬಳಸಿ ಮುಗಿಸಿ. ಅದೇ ಕಲಸಿದ್ದರಿಂದ ಒಂದು ಲೂಪ್ ತೆಗೆದು ಬ್ಲಡ್ ಅಗರ್ ಪ್ಲೇಟಿಗೂ ಎಳೆಯಿರಿ. ನಾಳೆ ಆ ಪ್ಲೇಟಿನಲ್ಲಿ ಎರಡು ಬಗೆಯ ಕಾಲೊನಿ ಕಂಡರೆ ಟೆಸ್ಟ್ ರದ್ದು, ಮತ್ತೆ ಹಾಕಬೇಕು. ಈ ಪ್ಲೇಟನ್ನು ಬಿಟ್ಟುಬಿಡುವವರು ಬಹಳ ಜನ. ದಯವಿಟ್ಟು ಬಿಡಬೇಡಿ. ನಾಲ್ಕನೇ ಟ್ಯೂಬಿನಲ್ಲಿ ಬೆಳೆದದ್ದು ರೋಗಿಯ ಕ್ಲೆಬ್ಸಿಯೆಲ್ಲಾವೋ ಅಥವಾ ಜೊತೆಗೆ ಸೇರಿಕೊಂಡ ಸೂಡೊಮೊನಾಸೋ ಎಂದು ತಿಳಿಯಲು ಬೇರೆ ದಾರಿ ಇಲ್ಲ.

ಮುಚ್ಚಳ ಬಿಗಿ ಮಾಡಿ, ವೋರ್ಟೆಕ್ಸ್‌ನಲ್ಲಿ ಮೆಲ್ಲಗೆ ಬೆರೆಸಿ. 33ರಿಂದ 35 ಡಿಗ್ರಿ ಸೆಲ್ಸಿಯಸ್, ಸಾಮಾನ್ಯ ಗಾಳಿಯಲ್ಲಿ, 16ರಿಂದ 20 ಗಂಟೆ. ನಮ್ಮ ಎಷ್ಟೋ ಇನ್‌ಕ್ಯುಬೇಟರ್‌ಗಳು ಅಭ್ಯಾಸಬಲದಿಂದ 37ರಲ್ಲಿ ಓಡುತ್ತಿರುತ್ತವೆ. ಒಳಗಿಟ್ಟ ಥರ್ಮಾಮೀಟರ್ ನೋಡಿ, ಹೊರಗಿನ ಡಿಸ್‌ಪ್ಲೇ ನಂಬಬೇಡಿ.

ಬೆಳಿಗ್ಗೆ ಓದುವುದು

ಮೊದಲು ಒಂದನೇ ಟ್ಯೂಬ್. ಅದು ಚೆನ್ನಾಗಿ ಮಬ್ಬಾಗಿರಬೇಕು. ಆಗಿಲ್ಲದಿದ್ದರೆ ಉಳಿದ ಟ್ಯೂಬ್‌ಗಳನ್ನು ನೋಡಲೇಬೇಡಿ, ಟೆಸ್ಟ್ ವಿಫಲ.

ಆಮೇಲೆ ನಾಲ್ಕನೆಯದು. ಅಕ್ಷರ ಇರುವ ಕಾಗದವನ್ನು ಟ್ಯೂಬಿನ ಹಿಂದೆ ಹಿಡಿದು ಬೆಳಕಿಗೆ ನೋಡಿ. ಅಕ್ಷರ ಸ್ಪಷ್ಟವಾಗಿ ಕಂಡು ಬ್ರಾತ್ ತಿಳಿಯಾಗಿದ್ದರೆ ಜೋಡಿ ಕೆಲಸ ಮಾಡುತ್ತದೆ: ‘ಎಸ್’. ಮಬ್ಬಾಗಿದ್ದರೆ ಇಲ್ಲ: ‘ನಾಟ್ ಸಸೆಪ್ಟಿಬಲ್’. ನಡುವೆ ಬೇರೆ ವರ್ಗ ಇಲ್ಲ.

ಡಿಸ್ಕ್ ಕಾಗದದ್ದು. ರಾತ್ರಿಯಿಡೀ ನೆನೆದು ಅದರಿಂದ ಸಣ್ಣ ನಾರುಗಳು ಬಿಡಬಹುದು. ಟ್ಯೂಬ್ ತಟ್ಟಿದಾಗ ಅವು ಎದ್ದು, ಎಳೆ ಎಳೆಯಾಗಿ ತಿರುಗಿ, ಮತ್ತೆ ತಳಕ್ಕೆ ಕೂರುತ್ತವೆ. ಬ್ಯಾಕ್ಟೀರಿಯಾ ಬೆಳೆದಿದ್ದರೆ ಅಲ್ಲಾಡಿಸಿದಾಗ ಹೊಗೆಯ ಹಾಗೆ ಏರಿ ಇಡೀ ಬ್ರಾತ್ ಒಂದೇ ಸಮ ಮಬ್ಬಾಗುತ್ತದೆ. ಕೆಲವು ಸಲ ನೋಡಿದರೆ ಕಣ್ಣಿಗೆ ಅಭ್ಯಾಸ ಆಗುತ್ತದೆ. ಅನುಮಾನ ಉಳಿದರೆ ಇಬ್ಬರು ಓದಿ. ಆಗಲೂ ತೀರ್ಮಾನ ಆಗದಿದ್ದರೆ ಮತ್ತೆ ಹಾಕಿ.

ಎರಡು ಮತ್ತು ಮೂರನೇ ಟ್ಯೂಬ್‌ಗಳು ಯಾಕೆ ಇವೆ? ಹೋಲಿಕೆಗೆ. ಎರಡೂ ಮಬ್ಬು, ನಾಲ್ಕನೆಯದು ತಿಳಿ ಎಂದರೆ ನಾವು ಹುಡುಕುತ್ತಿದ್ದ ಜೋಡಿ ಪರಿಣಾಮ ಕಣ್ಣೆದುರೇ ಇದೆ. ಆದರೆ ಎರಡನೇ ಟ್ಯೂಬ್ ತಿಳಿಯಾಗಿದ್ದರೆ ಅಜ್ಟ್ರಿಯೊನಾಮ್ ‘ಎಸ್’ ಎಂದು ಬರೆಯಬೇಡಿ. ಎಂಟರೊಬ್ಯಾಕ್ಟರೇಲ್ಸ್‌ಗೆ ಅಜ್ಟ್ರಿಯೊನಾಮ್ ‘ಎಸ್’ ಅನ್ನಬೇಕಾದರೆ ಎಂಐಸಿ (ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ) ಪ್ರತಿ ಮಿ.ಲೀ.ಗೆ 4 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ನಮ್ಮ ಟ್ಯೂಬಿನಲ್ಲಿರುವುದು 15. ಒಂಟಿ ಔಷಧದ ಫಲಿತಾಂಶಕ್ಕೆ ಎಂದಿನ ಡಿಸ್ಕ್ ಡಿಫ್ಯೂಷನ್ ಅಥವಾ ಎಂಐಸಿಯನ್ನೇ ನಂಬಿ.

ಪ್ಲೇಟಿನ ಮೇಲೆ ಎರಡು ಡಿಸ್ಕ್ ಪಕ್ಕಪಕ್ಕ ಇಟ್ಟು ನಡುವಿನ ವಲಯ ಉಬ್ಬುತ್ತದೆಯಾ ನೋಡುವ ವಿಧಾನವೂ ಇದೆ. ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲು ಅದು ಚೆಂದ. ಚಿಕಿತ್ಸೆ ನಿರ್ಧರಿಸಲು ಟ್ಯೂಬ್ ವಿಧಾನವೇ ಇರಲಿ.

ಇ. ಕೋಲಿ ಆದರೆ ಹೆಚ್ಚು ಎಚ್ಚರ

‘ಎನ್‌ಡಿಎಂ ಇದೆ ಅಂದಮೇಲೆ ಜೋಡಿ ಕೊಟ್ಟರಾಯಿತು, ಟೆಸ್ಟ್ ಯಾಕೆ’ ಎನ್ನುವವರಿದ್ದಾರೆ. ಕ್ಲೆಬ್ಸಿಯೆಲ್ಲಾದಲ್ಲಿ ಈ ಮಾತು ಬಹಳ ಸಲ ನಿಜವಾಗುತ್ತದೆ. ಇ. ಕೋಲಿಯಲ್ಲಿ ನಂಬಲಾಗದು, ಅದರಲ್ಲೂ ನಮ್ಮ ದೇಶದಲ್ಲಿ.

ಅಜ್ಟ್ರಿಯೊನಾಮ್ ಹೋಗಿ ಅಂಟಿಕೊಳ್ಳುವುದು ಪಿಬಿಪಿ-3 ಎಂಬ ಪ್ರೊಟೀನಿಗೆ. ಭಾರತದ ಅನೇಕ ಇ. ಕೋಲಿಗಳಲ್ಲಿ ಈ ಪ್ರೊಟೀನಿನ ಒಳಗೆ ನಾಲ್ಕು ಅಮೈನೊ ಆಮ್ಲಗಳು ಹೆಚ್ಚಿಗೆ ಸೇರಿಕೊಂಡಿವೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿನ ರೋಗಿಗಳಿಂದ ಸಿಕ್ಕ ಇ. ಕೋಲಿಗಳಲ್ಲಿ ಇದು ವ್ಯಾಪಕವಾಗಿದೆ ಎಂದು ತೋರಿಸಿತು. ಆಕಾರ ಬದಲಾದ್ದರಿಂದ ಅಜ್ಟ್ರಿಯೊನಾಮ್ ಸರಿಯಾಗಿ ಅಂಟುವುದಿಲ್ಲ. ಇದು ಎಂಜೈಮ್‌ನ ಸಮಸ್ಯೆ ಅಲ್ಲ, ಗುರಿಯೇ ಬದಲಾಗಿದೆ. ಹಾಗಾಗಿ ಅವಿಬ್ಯಾಕ್ಟಮ್ ಎಷ್ಟಿದ್ದರೂ ಇದಕ್ಕೆ ಮದ್ದಲ್ಲ. ಎನ್‌ಡಿಎಂ ಕಿಟ್‌ನಲ್ಲಿ ಗೆರೆ ಬಂದಿರುತ್ತದೆ, ಪುಸ್ತಕದ ಪ್ರಕಾರ ಜೋಡಿ ಕೆಲಸ ಮಾಡಬೇಕು, ಆದರೆ ನಾಲ್ಕನೇ ಟ್ಯೂಬ್ ಮಬ್ಬಾಗಿರುತ್ತದೆ. ಜೀನ್ ಹುಡುಕುವ ದುಬಾರಿ ಟೆಸ್ಟ್ ಕೂಡ ಹೇಳದ ಈ ವಿಷಯವನ್ನು ನಾಲ್ಕು ಟ್ಯೂಬ್‌ಗಳು ಹೇಳುತ್ತವೆ. ನಾನು ಈ ಟೆಸ್ಟಿನ ಪರವಾಗಿ ಇಷ್ಟು ಗಟ್ಟಿಯಾಗಿ ಮಾತಾಡಲು ಇದೇ ಕಾರಣ.

ನಾಲ್ಕನೆಯದೂ ಮಬ್ಬಾದರೆ ಅಲ್ಲಿಗೇ ನಿಲ್ಲಿಸಬೇಡಿ. ಕೊಲಿಸ್ಟಿನ್ ನೋಡುವುದಾದರೆ ಪ್ಲೇಟಿನ ಮೇಲೆ ಡಿಸ್ಕ್ ಇಟ್ಟು ನೋಡಬೇಡಿ. ಆ ಅಣು ದೊಡ್ಡದು, ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ, ಫಲಿತಾಂಶ ಸುಳ್ಳಾಗುತ್ತದೆ. ಅದಕ್ಕೂ ಇಂಥದೇ ಟ್ಯೂಬ್ ವಿಧಾನ ಇದೆ: 10 ಮಿ.ಲೀ. ಬ್ರಾತ್ ಇರುವ ನಾಲ್ಕು ಟ್ಯೂಬ್, 10 ಮೈಕ್ರೊಗ್ರಾಂನ ಕೊಲಿಸ್ಟಿನ್ ಡಿಸ್ಕ್ ಕ್ರಮವಾಗಿ ಸೊನ್ನೆ, ಒಂದು, ಎರಡು, ನಾಲ್ಕು. ಜೊತೆಗೆ ಟೈಜಿಸೈಕ್ಲಿನ್, ಇ. ಕೋಲಿ ಮೂತ್ರದ ಸೋಂಕಾದರೆ ಫಾಸ್ಫೊಮೈಸಿನ್ ನೋಡಿ. ಬ್ಯಾಕ್ಟೀರಿಯಾವನ್ನು ರೆಫರೆನ್ಸ್ ಲ್ಯಾಬಿಗೂ ಕಳಿಸಿ.

ಕಂಟ್ರೋಲ್ ಇಲ್ಲದೆ ರಿಪೋರ್ಟ್ ಬೇಡ

ಡಿಸ್ಕ್‌ನ ಹೊಸ ಲಾಟ್, ಬ್ರಾತ್‌ನ ಹೊಸ ಬ್ಯಾಚ್ ಬಂದಾಗಲೆಲ್ಲ ಕ್ಯೂಸಿ, ಅಂದರೆ ಗುಣಮಟ್ಟದ ಪರೀಕ್ಷೆ, ಮಾಡಿ. ಎಂ100ರಲ್ಲಿ ಹೇಳಿರುವ ಸ್ಟ್ರೇನ್‌ಗಳು ಮೊದಲು. ಅವುಗಳ ಜೊತೆಗೆ ನಿಮ್ಮದೇ ಎರಡು ಸ್ಟ್ರೇನ್ ಇಟ್ಟುಕೊಂಡರೆ ಬಹಳ ಅನುಕೂಲ. ಒಂದು, ಮೊದಲ ಮೂರು ಟ್ಯೂಬ್ ಮಬ್ಬಾಗಿ ನಾಲ್ಕನೆಯದು ತಿಳಿಯಾಗುವ ಎನ್‌ಡಿಎಂ ಕ್ಲೆಬ್ಸಿಯೆಲ್ಲಾ. ಇನ್ನೊಂದು, ನಾಲ್ಕೂ ಮಬ್ಬಾಗುವ ಇ. ಕೋಲಿ. ಎರಡನ್ನೂ ರೆಫರೆನ್ಸ್ ಲ್ಯಾಬಿನಲ್ಲಿ ಖಾತ್ರಿ ಮಾಡಿಸಿ, ಗ್ಲಿಸರಾಲ್ ಬ್ರಾತ್‌ನಲ್ಲಿ ಡೀಪ್ ಫ್ರೀಜರಿನಲ್ಲಿಡಿ. ಆ ಇ. ಕೋಲಿಯ ನಾಲ್ಕನೇ ಟ್ಯೂಬ್ ತಿಳಿಯಾಗಿ ಬಂದ ದಿನ ಏನೋ ಕೆಟ್ಟಿದೆ ಎಂದರ್ಥ. ಆ ದಿನದ ರೋಗಿಗಳ ಫಲಿತಾಂಶ ಹೊರಗೆ ಹೋಗಬಾರದು.

ಓದಿ ಮುಗಿದ ಟ್ಯೂಬ್‌ಗಳನ್ನು ಆಟೋಕ್ಲೇವ್ ಮಾಡದೆ ಸಿಂಕಿಗೆ ಸುರಿಯಬೇಡಿ. ಇದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ.

ರಿಪೋರ್ಟ್ ಬರೆದ ಮೇಲೆ ವಾರ್ಡಿನಲ್ಲಿ ಆಗಬೇಕಾದದ್ದು

ರಿಪೋರ್ಟಿನಲ್ಲಿ ಒಂದು ಪೂರ್ತಿ ವಾಕ್ಯ ಬರೆಯಿರಿ: ‘ಅಜ್ಟ್ರಿಯೊನಾಮ್ ಮತ್ತು ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಜೋಡಿಗೆ ಸಸೆಪ್ಟಿಬಲ್. ಬ್ರಾತ್ ಡಿಸ್ಕ್ ಎಲ್ಯೂಷನ್ ವಿಧಾನ. ಒಂದೊಂದೇ ಕೊಟ್ಟರೆ ಕೆಲಸ ಮಾಡುವುದಿಲ್ಲ.’ ಕೊನೆಯ ವಾಕ್ಯ ಬಹಳ ಮುಖ್ಯ. ಅವಸರದಲ್ಲಿ ಓದುವವರು ‘ಎಸ್’ ನೋಡಿ ಒಂದನ್ನೇ ಶುರು ಮಾಡಿಬಿಡಬಹುದು. ರಕ್ತದ ಕಲ್ಚರ್ ಆಗಿದ್ದರೆ ಕಾಗದ ತಲುಪುವವರೆಗೆ ಕಾಯದೆ ಫೋನ್ ಮಾಡಿ, ಯಾರ ಜೊತೆ ಮಾತಾಡಿದಿರಿ ಎಂದು ಸಮಯ ಸಮೇತ ಬರೆದಿಡಿ.

ಡೋಸ್ ನಿರ್ಧರಿಸುವುದು ವೈದ್ಯರ ಕೆಲಸ. ಆದರೆ ಕೊಡುವ ರೀತಿಯಲ್ಲಿ ಒಂದು ಅಂಶ ಟ್ಯೂಬಿನ ಲೆಕ್ಕಕ್ಕೇ ಸೇರಿದ್ದು. ಅವಿಬ್ಯಾಕ್ಟಮ್ ಮತ್ತು ಅಜ್ಟ್ರಿಯೊನಾಮ್ ಒಂದೇ ಹೊತ್ತಿನಲ್ಲಿ ರಕ್ತದಲ್ಲಿರಬೇಕು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಕೊಟ್ಟರೆ ಪ್ರಯೋಜನವಿಲ್ಲ. ಅಮೆರಿಕದ ಸೋಂಕುರೋಗ ತಜ್ಞರ ಸಂಘದ ಮಾರ್ಗಸೂಚಿ ಎರಡನ್ನೂ ಒಟ್ಟಿಗೆ, ಮೂರು ಗಂಟೆಗಳ ಕಾಲ ನಿಧಾನವಾಗಿ ಹರಿಸಲು ಹೇಳುತ್ತದೆ. ಬೀಟಾ-ಲ್ಯಾಕ್ಟಮ್‌ಗಳು ಬ್ಯಾಕ್ಟೀರಿಯಾವನ್ನು ಕೊಲ್ಲುವುದು ರಕ್ತದಲ್ಲಿ ಎಷ್ಟು ಹೊತ್ತು ಸಾಕಷ್ಟು ಪ್ರಮಾಣದಲ್ಲಿ ಇರುತ್ತವೆ ಎಂಬುದರ ಮೇಲೆ. ಅರ್ಧ ಗಂಟೆಯಲ್ಲಿ ಏರಿಸಿ ಇಳಿಸುವುದಕ್ಕಿಂತ ನಿಧಾನ ಮೇಲು. ಡ್ರಿಪ್ ಹಾಕುವ ನರ್ಸ್‌ಗೆ ಇದನ್ನು ಚಾರ್ಟಿನಲ್ಲಿ ಬರೆದು ಕೊಡಬೇಕು, ಬಾಯಿಮಾತು ಸಾಲದು.

ಮೂತ್ರಪಿಂಡ ದುರ್ಬಲ ಇದ್ದರೆ ಎರಡರ ಡೋಸ್ ಕೂಡ ಹೊಂದಿಸಬೇಕು. ಈ ಜೋಡಿಯಲ್ಲಿ ಲಿವರ್ ಎಂಜೈಮ್ ಏರುವುದು ಕಂಡುಬಂದಿದೆ, ಆಗಾಗ ರಕ್ತ ಪರೀಕ್ಷೆ ಬೇಕು. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅಜ್ಟ್ರಿಯೊನಾಮ್ ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ. ಆದರೆ ಸೆಫ್ಟಾಜಿಡಿಮ್ ಅಲರ್ಜಿ ಇರುವವರ ಮಾತು ಬೇರೆ, ಎರಡು ಅಣುಗಳಿಗೂ ಒಂದೇ ಥರದ ಪಾರ್ಶ್ವ ಸರಪಳಿ ಇದೆ.

ಇನ್ನು ಕೀವು ತುಂಬಿದ ಗಾಯ, ಸೋಂಕು ತಗುಲಿದ ಸೆಂಟ್ರಲ್ ಲೈನ್, ಕಟ್ಟಿಕೊಂಡ ಮೂತ್ರನಾಳ ಹಾಗೇ ಇದ್ದರೆ ಯಾವ ಜೋಡಿಯೂ ಗೆಲ್ಲುವುದಿಲ್ಲ. ಕೀವು ಹೊರಗೆ ತೆಗೆಯಬೇಕು, ಲೈನ್ ಬದಲಾಯಿಸಬೇಕು, ತಡೆ ಬಿಡಿಸಬೇಕು.

ಮನೆಯವರಿಗೆ: ರಿಪೋರ್ಟಿನಲ್ಲಿ ಎಲ್ಲ ‘ಆರ್’ ಎಂದು ಕೇಳಿದಾಗ ಎದೆ ಒಡೆಯುವುದು ಸಹಜ. ವೈದ್ಯರನ್ನು ಮೂರು ಪ್ರಶ್ನೆ ಕೇಳಿ. ಇದು ಯಾವ ಬ್ಯಾಕ್ಟೀರಿಯಾ? ಎನ್‌ಡಿಎಂ ಇದೆಯಾ ಎಂದು ನೋಡಿದ್ದೀರಾ? ಅಜ್ಟ್ರಿಯೊನಾಮ್ ಜೋಡಿಯ ಟೆಸ್ಟ್ ಮಾಡಬಹುದಾ? ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಈ ಔಷಧವನ್ನೇ ಬರೆದುಕೊಡಿ ಎಂದು ಒತ್ತಾಯಿಸಬೇಡಿ. ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ‘ರಿಸರ್ವ್’ ಪಟ್ಟಿಯಲ್ಲಿವೆ, ಬೇರೆ ದಾರಿ ಇಲ್ಲದಾಗ ಮಾತ್ರ ತೆಗೆಯಬೇಕಾದವು. ಬೆಲೆಯೂ ಜಾಸ್ತಿ.

ಲ್ಯಾಬಿನವರಿಗೆ ಇನ್ನೊಂದು ಕೆಲಸ ಬಾಕಿ ಇದೆ. ಫಾರ್ಮಸಿಗೆ ಹೋಗಿ ಅಜ್ಟ್ರಿಯೊನಾಮ್ ಸ್ಟಾಕ್ ಇದೆಯಾ, ಇಲ್ಲದಿದ್ದರೆ ಎಷ್ಟು ಹೊತ್ತಿನಲ್ಲಿ ತರಿಸಬಹುದು ಎಂದು ಈಗಲೇ ಕೇಳಿಟ್ಟುಕೊಳ್ಳಿ. ಮತ್ತು ಹಾಕಿದ ಪ್ರತಿ ಟೆಸ್ಟನ್ನೂ ಒಂದು ರಿಜಿಸ್ಟರಿನಲ್ಲಿ ಬರೆಯಿರಿ: ದಿನಾಂಕ, ಮಾದರಿ, ಡಿಸ್ಕ್ ಲಾಟ್ ನಂಬರ್, ನಾಲ್ಕೂ ಟ್ಯೂಬ್‌ಗಳ ಫಲಿತಾಂಶ. ಇ. ಕೋಲಿಗೂ ಕ್ಲೆಬ್ಸಿಯೆಲ್ಲಾಗೂ ಬೇರೆ ಬೇರೆ ಪುಟ ಇಡಿ. ಒಂದು ವರ್ಷದ ಲೆಕ್ಕ ಸಿಕ್ಕಾಗ, ಟೆಸ್ಟ್ ಫಲಿತಾಂಶ ಬರುವ ಮೊದಲೇ ಈ ಜೋಡಿ ಶುರು ಮಾಡುವುದು ನಿಮ್ಮ ಆಸ್ಪತ್ರೆಯಲ್ಲಿ ಯಾವ ಬ್ಯಾಕ್ಟೀರಿಯಾಕ್ಕೆ ಸರಿ, ಯಾವುದಕ್ಕೆ ಸರಿಯಲ್ಲ ಎಂದು ವೈದ್ಯರ ಜೊತೆ ಕೂತು ಮಾತಾಡಬಹುದು.